ಮೈಕ್ ಇಟ್ಟ ಜಾಗ

ಹೆಡ್‌ಫೋನ್ ತೆಗೆದ ಮೇಲೂ ಗಿಟಾರ್ ನಿಲ್ಲಲಿಲ್ಲ. ಅವನು ಕಂಪ್ಯೂಟರಿನ ಕಡೆ ನೋಡಿದ. ಪರದೆಯ ಮೇಲಿನ ಗೆರೆ ಅಲ್ಲಾಡದೆ ನಿಂತಿತ್ತು. ತಾನು ಆಗಷ್ಟೇ ರೆಕಾರ್ಡ್ ಮಾಡಿ, ಕೇಳಿ, ಮುಖ ಕಿವುಚಿಕೊಂಡು ನಿಲ್ಲಿಸಿದ ಅದೇ ಟ್ಯೂನು ಈಗ ಮುಚ್ಚಿದ ಬಾಗಿಲಿನ ಆಚೆಯಿಂದ ಬರುತ್ತಿತ್ತು. ನಡುಮನೆಯಲ್ಲಿ ಹೆಂಡತಿ ಹಳೆಯ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಯಾರಾದರೂ ಕೇಳಲಿ ಎಂದಲ್ಲ, ಹೊಲಿಗೆಯ ನಡುವೆ ಸಿಕ್ಕ ಬಿಡುವು ಕಳೆಯಲಿ ಎಂದು. ಅವನು ಎಡವಿದ ಜಾಗದಲ್ಲಿ ಅವಳು ಎಡವದೆ ದಾಟಿ ಹೋದಳು.

"ಸ್ವಲ್ಪ ನಿಲ್ಲಿಸ್ತೀಯಾ? ಇಲ್ಲಿ ರೆಕಾರ್ಡಿಂಗ್ ನಡೀತಿದೆ," ಎಂದು ಕೂಗಿದ. ನಡೆಯುತ್ತಿರಲಿಲ್ಲ.

"ಅಯ್ಯೋ, ಗೊತ್ತಾಗ್ಲಿಲ್ಲ ರೀ," ಎಂದಳು ಅವಳು. ಸದ್ದು ನಿಂತಿತು. ನಿಂತ ಮೇಲೆ ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಅವನು ಲಿಫ್ಟ್ ಮೆಕ್ಯಾನಿಕ್. ಹಗಲೆಲ್ಲ ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ ನಿಂತು ಉಕ್ಕಿನ ಹಗ್ಗಗಳಿಗೆ ಗ್ರೀಸ್ ಹಚ್ಚುವುದು, ಸಂಜೆ ಬಂದು ಕೈ ತಿಕ್ಕಿ ತೊಳೆದು ಗಿಟಾರ್ ಹಿಡಿಯುವುದು. ಮದುವೆಗೆ ಮುಂಚಿನಿಂದಲೂ ಇದೇ ರೂಢಿ. ಗ್ರಂಥಾಲಯದ ಮಹಡಿಯಲ್ಲಿ ಸೇರುತ್ತಿದ್ದ ಹವ್ಯಾಸಿಗಳ ಗುಂಪಿನಲ್ಲಿ ಅವನ ಹೆಸರು ಯಾರಿಗೂ ಬೇಕಿರಲಿಲ್ಲ, ಎಲ್ಲರಿಗೂ ಅವನು 'ಲಿಫ್ಟು'. ಗುಂಪಿನ ಹಿರಿಯರು ಒಂದು ಕಾಲಕ್ಕೆ ರೇಡಿಯೋ ಕೇಂದ್ರದಲ್ಲಿ ಧ್ವನಿಮುದ್ರಣದ ಕೆಲಸದಲ್ಲಿದ್ದವರು. ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಈ ಸಲ ಮೇಷ್ಟ್ರು ತಾವೇ ಒಂದು ಪುಟ್ಟ ಟ್ಯೂನ್ ಕಟ್ಟಿ, "ಮನೇಲೇ ರೆಕಾರ್ಡ್ ಮಾಡಿ ಕಳಿಸಿ. ಯಾರದ್ದು ನನ್ನನ್ನ ಎರಡನೇ ಸಲ ಕೇಳೋ ಹಾಗೆ ಮಾಡುತ್ತೋ ಅವರೇ ವಾರ್ಷಿಕ ಕಾರ್ಯಕ್ರಮದಲ್ಲಿ ಮೊದಲು ನುಡಿಸೋದು," ಎಂದಿದ್ದರು.

ಅವನು ಎಲ್ಲರಿಗಿಂತ ಮೊದಲು ಕಳಿಸಿದ್ದ. ಉತ್ತರವೂ ಬೇಗನೇ ಬಂದಿತ್ತು. "ಪರವಾಗಿಲ್ಲಯ್ಯ. ಆದ್ರೆ ಡಬ್ಬದೊಳಗೆ ಕೂತು ನುಡಿಸಿದ ಹಾಗಿದೆ. ಇನ್ನೊಂದ್ಸಲ ನೋಡು."

ಆ ಡಬ್ಬ ಅವನ ಮನಸ್ಸಿನಿಂದ ಇಳಿಯಲೇ ಇಲ್ಲ. ತಪ್ಪು ಕೋಣೆಯದು ಎಂದುಕೊಂಡು ಗೋಡೆಗಳಿಗೆಲ್ಲ ರಜಾಯಿ ಹೊದಿಸಿದ. ಸ್ವರಗಳು ಸತ್ತಂತಾದವು. ಅರ್ಧ ರಜಾಯಿ ಬಿಚ್ಚಿದ. ಹೊಸ ತಂತಿ ಹಾಕಿದ. ಮೈಕನ್ನು ಗಿಟಾರಿನ ಬಾಯಿಗೇ ಹಿಡಿದರೆ ಗುಂಯ್ ಎನ್ನುತ್ತಿತ್ತು, ದೂರ ಇಟ್ಟರೆ ಪಕ್ಕದ ಮನೆಯಿಂದ ಬಂದಂತೆ ಕೇಳುತ್ತಿತ್ತು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬೆವರು ಒರೆಸಿಕೊಳ್ಳುತ್ತಾ ನುಡಿಸಿದ. ಹೆಂಡತಿಗೆ ಹೊಲಿಗೆ ಯಂತ್ರ ತುಳಿಯಬೇಡ ಎಂದ. ಅವಳು ಬಟ್ಟೆ ಆಲ್ಟರ್ ಮಾಡಿಕೊಡುವವಳು. ಯಾರದೋ ಪ್ಯಾಂಟಿನ ಅಂಚು ಕೈಯಲ್ಲೇ ಹೊಲಿಯುತ್ತಾ, ತುಟಿ ಪಿಟಕ್ ಎನ್ನದೆ ಕೂತಿರುತ್ತಿದ್ದಳು.

ಅವಳ ಕೈಗೆ ಗಿಟಾರ್ ಕೊಟ್ಟವನೂ ಅವನೇ. ಹೋದ ವರ್ಷ ಬಸ್ಸಿನಿಂದ ಇಳಿಯುವಾಗ ಕಾಲು ಉಳುಕಿ, ಪಾದದ ಮೂಳೆ ಬಿರುಕು ಬಿಟ್ಟು, ಪ್ಲಾಸ್ಟರ್ ಹಾಕಿಸಿಕೊಂಡು ಮೂಲೆ ಸೇರಿದ್ದಳು. ಪೆಡಲ್ ತುಳಿಯುವಂತಿರಲಿಲ್ಲ. "ಸುಮ್ನೆ ಗೋಡೆ ನೋಡೋ ಬದಲು ಇದನ್ನಾದ್ರೂ ಕೆರೀತಾ ಇರು," ಎಂದು ತನ್ನ ಹಳೆಯ ಗಿಟಾರನ್ನು ಅವಳ ಮಡಿಲಿಗಿಟ್ಟಿದ್ದ. ಕಲಿಯುವಾಗ ಅವನ ಬೆರಳುಗಳು ತಿಂಗಳುಗಟ್ಟಲೆ ಉರಿದಿದ್ದವು. ಅವಳವು ಸೂಜಿ ಚುಚ್ಚಿಸಿಕೊಂಡು ಆಗಲೇ ಗಟ್ಟಿಯಾಗಿದ್ದವು, ಒಮ್ಮೆಯೂ ಅಯ್ಯೋ ಎನ್ನಲಿಲ್ಲ. ಮೊದಮೊದಲು ಗುಂಪಿನಲ್ಲಿ "ನನ್ನ ಹೆಂಡ್ತೀನೂ ನುಡಿಸ್ತಾಳೆ" ಎಂದು ಹೇಳಿಕೊಂಡು ತಿರುಗಿದ್ದ. ಆಮೇಲೆ ಹೇಳುವುದನ್ನು ಬಿಟ್ಟ. ಅವಳು ತಪ್ಪು ತಂತಿ ಮೀಟಿದಾಗ ತನಗೆ ಹಾಯೆನಿಸುತ್ತದೆ ಎಂಬುದು ಒಂದು ದಿನ ಅವನ ಗಮನಕ್ಕೇ ಬಂತು. ಅವತ್ತು ನಾಚಿಕೆಯಾಯಿತು. ಮರುದಿನವೂ ಹಾಯೆನಿಸಿತು.

ಭಾನುವಾರ ಬೆಳಿಗ್ಗೆ ಅವಳನ್ನು ಕೋಣೆಗೆ ಕರೆದ. "ನೀನು ನುಡಿಸ್ತಾ ಇರು. ನಾನು ಹೆಡ್‌ಫೋನ್ ಹಾಕ್ಕೊಂಡು ಮೈಕ್ ಎಲ್ಲಿಟ್ರೆ ಸರಿ ಅಂತ ನೋಡ್ತೀನಿ. ಒಬ್ಬನೇ ಎರಡೂ ಮಾಡೋಕಾಗಲ್ಲ."

"ನಿಮ್ಮ ಮೈಕಿನ ಮುಂದೆ ನಾನಾ? ಸರಿ, ನನಗೇನು," ಎಂದು ನಕ್ಕು ಕೂತಳು.

ಅವನು ಮಂಡಿಯೂರಿ ಮೈಕನ್ನು ಅಂಗುಲ ಅಂಗುಲವಾಗಿ ಸರಿಸಿದ. ಗಿಟಾರಿನ ಬಾಯಿಯಿಂದ ಕುತ್ತಿಗೆಯ ಕಡೆಗೆ, ಕುತ್ತಿಗೆ ಒಡಲನ್ನು ಸೇರುವ ಜಾಗಕ್ಕೆ, ಒಂದು ಗೇಣು ಹಿಂದಕ್ಕೆ. ಅಲ್ಲಿ ಥಟ್ಟನೆ ಎಲ್ಲವೂ ತಿಳಿಯಾಯಿತು. ರೆಕಾರ್ಡ್ ಒತ್ತಿ, ಮತ್ತೆ ಮೊದಲಿಂದ ನುಡಿಸು ಎಂದ. ಮಂದ್ರದ ತಂತಿ ಬೆಚ್ಚಗೆ, ಮೇಲಿನದು ಹೊಳೆಯುವಂತೆ, ನಡುವೆ ಅವಳ ಬೆರಳು ಜಾರುವ ಸಣ್ಣ ಸದ್ದು. ಹತ್ತಿರದಿಂದ ಕೇಳಿದರೆ ಅವಳ ಹುಳುಕು ಹೊರಬೀಳುತ್ತದೆ ಎಂದು ಒಳಗೊಳಗೇ ಕಾದಿದ್ದ. ಏನೂ ಬೀಳಲಿಲ್ಲ. ಮೂರನೇ ಸಾಲಿನ ಕೊನೆಗೆ ಅವಳು ನಿಂತಳು. ಸ್ವರ ತಾನಾಗಿ ಕರಗುತ್ತಾ ಹೋಯಿತು. ಆಮೇಲೆ, ಏನೋ ನೆನಪಾದವಳಂತೆ, ಮೆಲ್ಲಗೆ ಮುಂದುವರಿಸಿ ಮುಗಿಸಿದಳು.

"ಮಧ್ಯದಲ್ಲಿ ಮರ್ತೇ ಹೋಯ್ತು ನೋಡಿ. ಮುಂದಿಂದು ಏನು ಅಂತ ಹುಡುಕ್ತಿದ್ದೆ," ಎಂದಳು. "ಜಾಗ ಸಿಕ್ತಾ?"

"ಸಿಕ್ತು," ಎಂದ.

ಅವಳು ಎದ್ದು ಹೋದ ಮೇಲೆ ಅದೇ ಕುರ್ಚಿಯಲ್ಲಿ ಕೂತು, ಮೈಕನ್ನು ಕೂದಲೆಳೆಯಷ್ಟೂ ಅಲುಗಿಸದೆ, ತಾನು ನುಡಿಸಿದ. ಕೇಳಿದ. ಡಬ್ಬ ಅಲ್ಲೇ ಇತ್ತು. ಇನ್ನೊಮ್ಮೆ ನುಡಿಸಿದ. ಸ್ವರಗಳೆಲ್ಲ ಸರಿಯಾಗಿದ್ದವು, ಒಂದೊಂದೂ ಮೇಲಧಿಕಾರಿಯ ಮುಂದೆ ನಿಂತ ಗುಮಾಸ್ತನ ಹಾಗೆ ಮೈ ಬಿಗಿಹಿಡಿದು ನಿಂತಿದ್ದವು. ಇಷ್ಟು ದಿನ ಬೈದಿದ್ದ ಗೋಡೆ, ಫ್ಯಾನು, ತಂತಿ, ಹೊಲಿಗೆ ಯಂತ್ರ, ಯಾವುದರ ಮೇಲೂ ಇನ್ನು ಗೂಬೆ ಕೂರಿಸುವಂತಿರಲಿಲ್ಲ.

ಪರದೆಯ ಮೇಲೆ ಮೂರು ಫೈಲುಗಳು ಒಂದರ ಕೆಳಗೊಂದು ಇದ್ದವು. ಅವನು ಎಲ್ಲಕ್ಕಿಂತ ಮೇಲಿದ್ದ ಅವಳದನ್ನು ತೆರೆದು, ಕೊನೆಯಲ್ಲಿದ್ದ ಅವಳ ಮಾತನ್ನು ಕತ್ತರಿಸಿ, ಮೇಷ್ಟ್ರಿಗೆ ಕಳಿಸಿದ. ಕೈತಪ್ಪಿ ಹೋಯಿತು ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳಲು ನೋಡಿದ. ಕೈತಪ್ಪಿದವನು ಮಾತು ಕತ್ತರಿಸುವುದಿಲ್ಲ.

ಮಧ್ಯಾಹ್ನ ಅಡುಗೆಮನೆಯ ಸಿಂಕ್ ಕಟ್ಟಿಕೊಂಡಿತು. ಅವನು ಕೆಳಗೆ ತೂರಿ, ಅಂಗಾತ ಮಲಗಿ, ಪೈಪು ಬಿಚ್ಚುತ್ತಿದ್ದ. ಕೈ ಮೊಣಕೈವರೆಗೂ ರಾಡಿ. ಕಟ್ಟೆಯ ಮೇಲಿದ್ದ ಫೋನು ಟಿಂಗ್ ಎಂದಿತು.

"ಮೇಷ್ಟ್ರು ಏನೋ ಮಾತಾಡಿ ಕಳಿಸಿದ್ದಾರೆ. ಹಾಕ್ಲಾ?" ಎಂದಳು.

"ಬೇಡ ಇರು, ನಾನೇ ಆಮೇಲೆ..." ಎನ್ನುವಷ್ಟರಲ್ಲಿ ಮೇಷ್ಟ್ರ ದನಿ ಅಡುಗೆಮನೆಯನ್ನೆಲ್ಲ ತುಂಬಿತು.

"ಏನಯ್ಯಾ ಲಿಫ್ಟು! ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ? ನಾನು ಎರಡಲ್ಲ, ನಾಲ್ಕು ಸಲ ಕೇಳ್ದೆ. ಮೈಕ್ ಈಗ ಸರಿಯಾದ ಜಾಗದಲ್ಲಿದೆ, ಅದು ಬಿಡು. ಮೂರನೇ ಸಾಲಲ್ಲಿ ನಿಂತ್ಯಲ್ಲ, ಆ ನಿಲ್ಲೋದನ್ನ ಯಾರು ಹೇಳ್ಕೊಟ್ರು? ಟ್ಯೂನ್ ಮಾಡಿದ ನನಗೇ ಗೊತ್ತಿರ್ಲಿಲ್ಲ, ಅಲ್ಲಿ ನಿಲ್ಬೇಕು ಅಂತ. ಮೊದಲು ನುಡಿಸೋದು ನೀನೇ, ಮಾತಿಲ್ಲ."

ಸಿಂಕಿನ ಕೆಳಗಿನಿಂದ ಅವನಿಗೆ ಅವಳ ಪಾದಗಳಷ್ಟೇ ಕಾಣುತ್ತಿದ್ದವು. ಅವು ಅಲ್ಲಾಡಲಿಲ್ಲ. ಪೈಪಿನಿಂದ ನೀರು ತೊಟ್ಟಿಕ್ಕಿ ಅವನ ಕುತ್ತಿಗೆಗೆ ಇಳಿಯುತ್ತಿತ್ತು. ಬೈಯುತ್ತಾಳೆ, ಅಳುತ್ತಾಳೆ, ಪಾತ್ರೆ ಎತ್ತಿ ಕುಕ್ಕುತ್ತಾಳೆ ಎಂದು ಕಾದ.

"ಇನ್ನೊಂದ್ಸಲ ಹಾಕ್ತೀನಿ," ಎಂದಳು ಅವಳು.

ಹಾಕಿದಳು. ಪೂರ್ತಿ ಕೇಳಿದಳು. 'ನಾಲ್ಕು ಸಲ ಕೇಳ್ದೆ' ಎಂಬಲ್ಲಿ ಅವಳ ಉಸಿರು ಸಣ್ಣಗೆ ನಕ್ಕಂತೆ ಕೇಳಿಸಿತು. ಮುಗಿದ ಮೇಲೆ ಫೋನನ್ನು ಕಟ್ಟೆಯ ಮೇಲಿಟ್ಟು ಹೊರಗೆ ಹೋದಳು. ಹೊಲಿಗೆ ಯಂತ್ರದ ಸದ್ದು ಶುರುವಾಯಿತು, ಎಂದಿಗಿಂತ ಜೋರಾಗಿ.

ಅವನು ಕೈ ತೊಳೆದು ಹೋಗಿ ಅವಳ ಹಿಂದೆ ನಿಂತ. "ಮೇಷ್ಟ್ರಿಗೆ ಹೇಳ್ತೀನಿ ಬಿಡು," ಎಂದ.

"ಏನಂತ?"

"ನಾನಲ್ಲ ನುಡಿಸಿದ್ದು ಅಂತ."

"ನನಗೆ ಹೇಳಿದ್ರೆ ನಾನೇ ಕೊಡ್ತಿದ್ದೆ ರೀ," ಎಂದಳು ತಿರುಗದೆ. "ನಿಮ್ಮ ಹೆಸರಲ್ಲೇ ಕಳ್ಸಿ ಅಂತಿದ್ದೆ. ಕೇಳ್ಬೇಕಿತ್ತು."

ಅವಳು ರೇಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ತನಗೆ ಜೀವ ಹೋಗುವಷ್ಟು ಬೇಕಾಗಿದ್ದುದನ್ನು ಅವಳು ಚಾಕಲೇಟಿನಂತೆ ಕೊಟ್ಟುಬಿಡಬಲ್ಲಳು ಎಂಬುದು ಅವನನ್ನು ಮತ್ತೆ ಸುಟ್ಟಿತು. ಅಲ್ಲೇ ನಿಂತು ಮೇಷ್ಟ್ರಿಗೆ ಫೋನ್ ಮಾಡಿದ. ಎಲ್ಲ ಹೇಳಿದ. "ಹಾಗಾದ್ರೆ ಅವರನ್ನೇ ಕರ್ಕೊಂಡು ಬಾ. ನೀನೂ ಬಾ. ಮೈಕ್ ಇಡೋಕೆ ಜನ ಬೇಕು," ಎಂದರು ಮೇಷ್ಟ್ರು. ಕ್ಷಮೆಯೋ, ಶಿಕ್ಷೆಯೋ, ಅವನಿಗೆ ತಿಳಿಯಲಿಲ್ಲ.

ಕಾರ್ಯಕ್ರಮದ ಸಂಜೆ ಗ್ರಂಥಾಲಯದ ಮಹಡಿ ತುಂಬಿತ್ತು. ಗುಂಪಿನವರು ಅವನತ್ತ ನೋಡಿ, ಮಾತಾಡಿಸಲೋ ಬೇಡವೋ ಎಂಬಂತೆ ತಲೆಯಾಡಿಸಿದರು. ಅವಳು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಬಿಳುಚಿದ ಮುಖದಲ್ಲಿ, ವೇದಿಕೆಯ ಕುರ್ಚಿಯ ತುದಿಗೆ ಕೂತಿದ್ದಳು. ಅವನು ಅವಳ ಮುಂದೆ ಮಂಡಿಯೂರಿ ಮೈಕಿನ ತಿರುಪು ಸಡಿಲಿಸಿದ. ಕೈ ತಾನಾಗಿ ಅದನ್ನು ಗಿಟಾರಿನ ಬಾಯಿಯ ಕಡೆಗೆ ತಿರುಗಿಸಿತು. ಅಲ್ಲಿಟ್ಟರೆ ಗುಂಯ್ ಎನ್ನುತ್ತದೆ, ಒಂದು ಸ್ವರವೂ ಬಿಡಿಯಾಗಿ ಕೇಳುವುದಿಲ್ಲ. ಹಾಳಾದರೆ ಯಾರಿಗೂ ಕಾರಣ ತಿಳಿಯುವುದಿಲ್ಲ. ತಿರುಪು ಬಿಗಿ ಮಾಡಿದ.

"ಸರಿ ಆಯ್ತಾ ರೀ?" ಎಂದು ಅವಳು ಪಿಸುಗುಟ್ಟಿದಳು. ಮೈಕಿನ ಕಡೆ ಅವಳು ನೋಡಿಯೂ ಇರಲಿಲ್ಲ; ಅವನನ್ನೇ ನೋಡುತ್ತಿದ್ದಳು.

"ಇರು," ಎಂದ. ತಿರುಪು ಮತ್ತೆ ಸಡಿಲಿಸಿ, ಮೈಕನ್ನು ಕುತ್ತಿಗೆಯ ಕಡೆ ತಂದು, ಒಂದು ಗೇಣು ಹಿಂದೆ ಸರಿಸಿದ. "ಈಗ ಸರಿ."

ಅವನು ಏಳುವುದರೊಳಗೆ ಮೇಷ್ಟ್ರು ಶುರುಮಾಡಿ ಎಂಬಂತೆ ಕೈ ಎತ್ತಿದ್ದರು. ಅವಳು ಮೊದಲ ಸ್ವರ ಮೀಟಿಯೇಬಿಟ್ಟಳು. ಈಗ ಎದ್ದರೆ ಕಾಲಡಿಯ ಹಲಗೆ ಕಿರುಗುಟ್ಟುತ್ತದೆ, ಮೈಕ್ ಅದನ್ನೂ ಹಿಡಿಯುತ್ತದೆ. ಅವನು ಎಲ್ಲರೆದುರು, ಅವಳ ಕಾಲ ಬಳಿ, ಮಂಡಿಯೂರಿದ ಹಾಗೇ ಉಳಿದ. ಮೈಕಿನ ವೈರು ವೇದಿಕೆಯ ಅಂಚಿನಿಂದ ಇಳಿಬಿದ್ದು ತೂಗಾಡುತ್ತಿತ್ತು. ಕೈ ಚಾಚಿ ಅದನ್ನು ಎರಡು ಬೆರಳಲ್ಲಿ ಹಿಡಿದು, ಟ್ಯೂನು ಮುಗಿಯುವವರೆಗೆ ಅಲುಗದಂತೆ ನಿಲ್ಲಿಸಿಕೊಂಡ.