ಕೆಂಪು ಮಣ್ಣಿನ ಅಡಿಯಲ್ಲಿ

ನನ್ನ ಅಳಿಯನ ಅಣ್ಣನಿಗೆ ನಮ್ಮ ಮನೆಯಲ್ಲಿ ‘ನಾನಿದ್ದೀನಲ್ಲ’ ಎಂದೇ ಹೆಸರು. ಯಾರ ಮನೆಯ ನಲ್ಲಿ ಸೋರಿದರೂ “ನಾನಿದ್ದೀನಲ್ಲ” ಎಂದು ತೋಳೇರಿಸಿ ಬರುವವರು. ನಲ್ಲಿ ಆಮೇಲೂ ಸೋರುತ್ತದೆ, ಅದು ಬೇರೆ ಮಾತು.

ಮಗಳು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾಳೆ. ಅವಳ ಬಾಡಿಗೆ ಅಂಗಡಿಯಿದ್ದ ಕಟ್ಟಡವನ್ನು ಕೆಡವಿದ ಮೇಲೆ ಯಂತ್ರಗಳೆಲ್ಲ ನಮ್ಮ ಊಟದ ಮೇಜು, ನನ್ನ ಮಂಚದ ಅಡಿ ಎನ್ನದೆ ತುಂಬಿಕೊಂಡವು. ಒಳಮನೆಗೆ ಬರಲು ಸಂಕೋಚಪಟ್ಟ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋಗತೊಡಗಿದರು. ಅದಕ್ಕೇ ಅವಳು ಹಿತ್ತಲಲ್ಲಿ ನಾವೇ ಜೋಡಿಸಿಕೊಳ್ಳುವಂಥ ಉಕ್ಕಿನ ಶೆಡ್ಡು ನಿಲ್ಲಿಸಲು ಹೊರಟದ್ದು. ಕಂಬ, ತೊಲೆ, ತಗಡು ಎಲ್ಲವೂ ಕಾರ್ಖಾನೆಯಲ್ಲೇ ತೂತು ಕೊರೆಸಿಕೊಂಡು ಬರುತ್ತವೆ. ನೆಲ ಮಾತ್ರ ನಾವು ಒದಗಿಸಬೇಕು. ಅದು ಚೂರು ಕುಸಿದರೂ ಕಂಬ ವಾಲಿ, ಬೋಲ್ಟು ಕೂಡುವುದಿಲ್ಲ ಎಂದು ಮಗಳು ಎರಡು ಚಮಚವನ್ನು ಉಪ್ಪಿನ ಡಬ್ಬಿಗೆ ಒರಗಿಸಿ ನನಗೆ ತೋರಿಸಿದ್ದಳು.

ಹಿತ್ತಲಲ್ಲೋ, ಒಂದು ಹಳ್ಳ. ಅದಕ್ಕೆ ಮಣ್ಣು ತುಂಬಿಸಲು ಅಳಿಯನ ಅಣ್ಣ ಮುಂದೆ ಬಂದರು. ನನ್ನ ಕಣ್ಣಿನ ಆಪರೇಷನ್ನಿಗೆಂದು ನಾವೆಲ್ಲ ಆಸ್ಪತ್ರೆಯಲ್ಲಿದ್ದಾಗ ಲಾರಿಗಳು ಬಂದು ಹೋದವು. ಮನೆಗೆ ಮರಳಿ ನೋಡಿದರೆ ಹಳ್ಳವೇ ಇಲ್ಲ! ರೋಲರ್ ಓಡಿಸಿದ ಕೆಂಪು ಮಣ್ಣು ಇಸ್ತ್ರಿ ಹಾಕಿದ ಸೀರೆಯಂತೆ ಹರಡಿಕೊಂಡಿತ್ತು. ಮಗಳು ಚಪ್ಪಲಿ ಬಿಟ್ಟು ಅದರ ಮೇಲೆ ನಡೆದಳು.

ಕಾಂಕ್ರೀಟು ಬರುವ ಹಿಂದಿನ ದಿನ ನಾನು ನೆಲ ಒರೆಸಿದ ನೀರನ್ನು ಅಲ್ಲೇ ಅಂಚಿಗೆ ಚೆಲ್ಲಿದೆ. ನೀರು ಹರಡಲಿಲ್ಲ. ಗಟಗಟನೆ ಒಳಗಿಳಿಯಿತು. ಸ್ವಲ್ಪ ಹೊತ್ತಿಗೆ ಅದೇ ಜಾಗದಲ್ಲಿ ಗುಳ್ಳೆ ಎದ್ದು, ಕಪ್ಪು ರಾಡಿ ಉಕ್ಕಿತು. ಆ ನಾತ! ಸತ್ತ ಹೆಗ್ಗಣ, ಕೊಳೆತ ಕೋಸು, ಹಳಸಿದ ಹಾಲು ಎಲ್ಲ ಕೂಡಿದಂತೆ. ಸೆರಗು ಮೂಗಿಗೆ ಒತ್ತಿಕೊಂಡು ಮಗಳನ್ನು ಕೂಗಿದೆ.

ಅವಳು ಹಾರೆ ತಂದು ಊರಿದಳು. ಅದು ತಡೆಯಿಲ್ಲದೆ ಅವಳು ಹಿಡಿದ ಕೈಯವರೆಗೂ ಇಳಿಯಿತು. ಮೀಟಿ ಎತ್ತಿದಾಗ ತುದಿಗೆ ಸಿಕ್ಕಿ ಬಂದದ್ದು ಮಗುವಿನ ಡೈಪರ್. ಅದರ ಹಿಂದೆ ಹಾಸಿಗೆಯ ಹತ್ತಿ, ಕ್ಷೌರದಂಗಡಿಯ ಕೂದಲಿನ ಉಂಡೆ, ಮೀನಿನ ಕರುಳು. ಬಿಳಿ ಹುಳುಗಳು ಬೆಳಕಿಗೆ ಮಿಜಿಗುಟ್ಟಿದವು. ನಾನು ಗೋಡೆ ಹಿಡಿದು ವಾಂತಿ ಮಾಡಿಕೊಂಡೆ. ಅಳಿಯ ಬಂದು ನನ್ನ ಹಣೆ ಹಿಡಿದುಕೊಂಡ.

ಫೋನ್ ಮಾಡಿದ ಮೇಲೆ ಅಳಿಯನ ಅಣ್ಣ ಬಂದರು. ಇಸ್ತ್ರಿ ಅಂಗಿ, ಹೊಳೆಯುವ ಬೂಟು.

“ಇದಕ್ಯಾಕೆ ಇಷ್ಟು ರಾದ್ಧಾಂತ? ಮಾರ್ಕೆಟ್‌ನವರಿಗೆ ಕಸ ಹಾಕೋಕೆ ಜಾಗ ಬೇಕಿತ್ತು, ನಿಮಗೆ ಹಳ್ಳ ತುಂಬಬೇಕಿತ್ತು. ಅವರಿಗೂ ಉಪಕಾರ, ನಿಮಗೂ ಉಪಕಾರ.”

“ಭಾವ, ಇದರ ಮೇಲೆ ಶೆಡ್ಡು ನಿಲ್ಲುತ್ತಾ?” ಮಗಳು ಕೇಳಿದಳು.

“ಕಾಂಕ್ರೀಟು ಬಿದ್ರೆ ಎಲ್ಲ ಮುಚ್ಚಿಹೋಗುತ್ತಮ್ಮ. ಮೇಲೆ ನೋಡೋಕೆ ಚೆನ್ನಾಗಿದೆಯಲ್ಲ!”

ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ಗಾದೆ ಕೇಳಿದ್ದೆ, ಅದರ ವಾಸನೆ ಅವತ್ತೇ ನೋಡಿದ್ದು. ಆ ರಾಡಿಗಿಂತ ಅವರ ನಗುಮುಖವೇ ನನಗೆ ಹೆಚ್ಚು ಹೇಸಿಗೆಯಾಯಿತು.

ಮಗಳು ನನ್ನ ಕಡೆ ತಿರುಗಿದಳು. “ಮುಂದಿನ ವಾರ ಬನ್ನಿ ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೀನಮ್ಮ. ಈಗ ತೆಗೆಯೋಕೆ ಕೂತ್ರೆ ಇರೋ ಗಿರಾಕೀನೂ ಹೋಗ್ತಾರೆ.” ಹಾರೆಯನ್ನು ಗೋಡೆಗೆ ಒರಗಿಸಿದಳು. “ಮುಚ್ಚಿಬಿಡೋಣವಾ?”

ನಾನು ಬಾಯಿ ತೆರೆಯುವ ಮೊದಲೇ ಅಳಿಯ ಕಾಂಕ್ರೀಟಿನವರಿಗೆ ಫೋನ್ ಮಾಡಿದ. ಅಣ್ಣನೆದುರು ಎಂದೂ ತಲೆ ಎತ್ತಿ ಮಾತಾಡಿದವನಲ್ಲ ಅವನು. “ನಾಳೆ ಕಾಂಕ್ರೀಟು ಬೇಡ ಸಾರ್. ನಮ್ಮ ನೆಲ ಕೊಳೆತಿದೆ” ಎಂದ. ಪ್ಯಾಂಟು ಮಡಚಿ ಸನಿಕೆ ಹಿಡಿದ.

“ಏನೋ ಇದು? ಜನ ನೋಡಿದ್ರೆ ನನ್ನ ಮರ್ಯಾದೆ ಏನಾಗಬೇಕು?”

“ಅದೂ ಇದರಲ್ಲೇ ಎಲ್ಲೋ ಇರಬೇಕು. ಸಿಕ್ಕಿದ್ರೆ ತೊಳೆದು ಕೊಡ್ತೀನಣ್ಣ.”

ಅಣ್ಣನಿಗೆ ತಟ್ಟನೆ ಸೊಂಟ ಹಿಡಿಯಿತು. ನಮ್ಮ ನಲ್ಲಿಯಲ್ಲೇ ಬೂಟು ತೊಳೆದುಕೊಂಡು ಹೊರಟರು. ನಲ್ಲಿ ಸರಿಯಾಗಿ ತಿರುಗಿಸಲೂ ಇಲ್ಲ.

ಆ ಕಸ ಬಗೆದು ತೆಗೆದ ದಿನಗಳನ್ನು ನೆನೆದರೆ ಈಗಲೂ ಗಂಟಲಿಗೆ ಹುಳಿ ಬರುತ್ತದೆ. ಎಷ್ಟು ಸೋಪು ಹಚ್ಚಿದರೂ ಉಗುರಿನ ಸಂದಿಯ ನಾತ ಹೋಗದು, ಅನ್ನ ಸೇರದು. ಪಕ್ಕದ ಮನೆಯ ನರ್ಸು ಮಾತ್ರ ಮೂಗು ಮುರಿಯಲಿಲ್ಲ. ಗೋಡೆಯಾಚೆಯಿಂದ ಕೈಗವಸು, ಮಾಸ್ಕು ಕೊಟ್ಟು, “ನಿಮ್ಮ ಯಂತ್ರಗಳು ಅಲ್ಲಿವರೆಗೆ ನಮ್ಮ ಕಾರಿನ ಜಾಗದಲ್ಲಿರಲಿ, ಗಿರಾಕಿಗಳು ಅಲ್ಲಿಗೇ ಬರಲಿ” ಎಂದಳು. ತನ್ನ ಕಾರನ್ನು ಬಿಸಿಲಿಗೆ ನಿಲ್ಲಿಸಿದಳು. ಮಗಳು ಅಂದು ಮೊದಲ ಬಾರಿ ಹೊಟ್ಟೆ ತುಂಬ ಉಂಡಳು.

ಕೊನೆಯ ಕಸದ ಲಾರಿ ತುಂಬುತ್ತಿದ್ದಾಗ ಅಣ್ಣ ಮತ್ತೆ ಬಂದರು. ಮೂಗಿಗೆ ಕರ್ಚೀಫು ಹಿಡಿದು ಗೇಟಿನ ಹೊರಗೇ ನಿಂತು, “ಒಳ್ಳೆ ಮಣ್ಣು ಬೇಕಾದ್ರೆ ಹೇಳಮ್ಮ, ನಾನಿದ್ದೀನಲ್ಲ” ಎಂದರು.

ಹಳ್ಳದೊಳಗಿಂದ ಮಗಳು ತಲೆ ಎತ್ತಿದಳು. ಮುಖದ ತುಂಬ ರಾಡಿ.

“ಇದ್ದೀರಲ್ಲ ಭಾವ, ಅಲ್ಲೇ ಇರಿ” ಎಂದು ಹಾರೆ ಎತ್ತಿ ಕೆಳಕ್ಕೆ ಕುಕ್ಕಿದಳು. ಅದು ಇಳಿಯಲಿಲ್ಲ. ಹಳ್ಳದ ಗಟ್ಟಿ ತಳಕ್ಕೆ ಬಡಿದು ಠಣ್ಣೆಂದು ಪುಟಿಯಿತು.