ಮಾತಿನ ಬಾಲ

ಅತ್ತಿಗೆ ಅವಳಿಗಿಟ್ಟ ಹೆಸರು ನುಂಗಿ. ಊಟ ಜಾಸ್ತಿ ಅಂತಲ್ಲ. ಅವಳು ಮಾತಿನ ಬಾಲವನ್ನು ನುಂಗುತ್ತಿದ್ದಳು. ಇನ್ನಷ್ಟು ಬಡಿಸಲಾ ಎಂದರೆ "ಬೇ..." ಎಂದು ನಿಂತುಬಿಡುವಳು. ಬೇಕೋ ಬೇಡವೋ, ಬಡಿಸುವವರು ಮುಖ ನೋಡಿ ತಿಳಿದುಕೊಳ್ಳಬೇಕು.

ಶಾಲೆ ಬಿಟ್ಟ ಮೇಲೆ ಒಲೆಯೇ ಅವಳ ಪಾಲಿಗೆ ಬಂದಿತ್ತು. ಸ್ವೀಡನ್ನಿನವರು ಮಾಡುವಂಥ ಮಾಂಸದುಂಡೆಯನ್ನು ಟಿವಿ ನೋಡಿ ಕಲಿತಿದ್ದಳು. ಹಾಲಲ್ಲಿ ನೆನೆಸಿದ ಬ್ರೆಡ್ ಪುಡಿ, ಬಾಡಿಸಿದ ಈರುಳ್ಳಿ, ಮೊಟ್ಟೆ, ಚಿಟಿಕೆ ಜಾಯಿಕಾಯಿ ಎಲ್ಲವನ್ನೂ ಖೀಮಾಕ್ಕೆ ಸೇರಿಸಿ, ಬೆರಳ ತುದಿಯಲ್ಲಿ ಹಗುರವಾಗಿ ಕಲೆಸಿ, ಒದ್ದೆ ಅಂಗೈಯಲ್ಲಿ ಉಂಡೆ ಕಟ್ಟಿ, ಬೆಣ್ಣೆಯಲ್ಲಿ ಕೆಂಪಗೆ ಹುರಿದು, ಕೆನೆ ಹಾಕಿದ ಗ್ರೇವಿಗೆ ಬಿಡುವಳು. ಚಮಚ ಸೋಕಿದರೆ ಸಾಕು, ಉಂಡೆ ಬಿಟ್ಟುಕೊಳ್ಳುತ್ತಿತ್ತು.

ಅಣ್ಣ ಫ್ರಿಜ್ ರಿಪೇರಿಯವನು. ಬೀದಿ ಕೊನೆಯ ಹೋಟೆಲಿನ ಫ್ರಿಜ್ ನೋಡಲು ಹೋದವನು, ಅಲ್ಲಿ ಹೊರದೇಶದ ಅಡುಗೆ ಬಲ್ಲವರನ್ನು ಹುಡುಕುತ್ತಿದ್ದಾರೆಂಬ ಸುದ್ದಿ ತಂದ. ಯಜಮಾನರನ್ನು ಭಾನುವಾರದ ಊಟಕ್ಕೇ ಕರೆದ. ನುಂಗಿಯ ಜೀವವೆಲ್ಲ ಆ ಭಾನುವಾರದ ಮೇಲೆ ನಿಂತಿತು. ಕೆಲಸ ಸಿಕ್ಕರೆ ದಿನಾ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಈ ಹೊಸಿಲು ದಾಟಬಹುದು. ಅತ್ತಿಗೆಯ ದನಿ ಕೇಳಿಸದ ಕಡೆ ಒಲೆ ಹಚ್ಚಬಹುದು.

ಯಜಮಾನರು ತಟ್ಟೆಯಲ್ಲುಳಿದ ಗ್ರೇವಿಯನ್ನೂ ಬ್ರೆಡ್ಡಿನಲ್ಲಿ ಬಳಿದು ತಿಂದರು. ಮಾಡಿದ್ದು ಯಾರೆಂದು ಕೇಳಿದರು.

"ನಾವೇ," ಎಂದಳು ಅತ್ತಿಗೆ.

ಅಡುಗೆಮನೆ ಬಾಗಿಲಲ್ಲಿದ್ದ ನುಂಗಿ "ನಾ..." ಎಂದಳು. 'ನು' ಒಳಗೇ ಉಳಿಯಿತು. ಅಣ್ಣ ತಲೆ ತಗ್ಗಿಸಿ ಉಣ್ಣುತ್ತಿದ್ದ. ನಾಳೆ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಒಮ್ಮೆ ಮಾಡಿ ತೋರಿಸಿ, ಕೆಲಸ ನಿಮ್ಮದೇ ಎಂದು ಯಜಮಾನರು ಅತ್ತಿಗೆಗೆ ಹೇಳಿ ಹೊರಟರು.

ಸಂಜೆ ಅತ್ತಿಗೆ ಕಲಿಯಲು ಬಂದಳು. ಯಾರು ಹೋದರೇನು, ಬರುವುದು ಒಂದೇ ಮನೆಗಲ್ಲವೇ, ಮಾತೇ ಬಾರದ ನೀನು ಅಷ್ಟು ಜನರ ನಡುವೆ ಹೇಗೆ ಏಗುತ್ತೀಯ ಎಂದು ಪುಸಲಾಯಿಸಿದಳು. ಅತ್ತಿಗೆಗೆ ಬರುತ್ತಿದ್ದ ಅಡುಗೆಯೆಂದರೆ ಹಿಟ್ಟು ನಾದುವುದೊಂದೇ. ಅದರಲ್ಲಿ ಮಾತ್ರ ಎತ್ತಿದ ಕೈ. ನುಂಗಿ ಒಂದೊಂದಾಗಿ ಹೇಳಿಕೊಟ್ಟಳು.

"ಖೀಮಾನ ನಾದ್ಬೇ..."

"ನಾದ್ಬೇಕಾ? ಚೆನ್ನಾಗಿ?"

ನಾದಿದರೆ ಉಂಡೆ ರಬ್ಬರಾಗುತ್ತದೆ. ನಾದ್ಬೇಡಿ ಎನ್ನಬೇಕಿತ್ತು. ಈ ಸಲ ಬಾಲ ಗಂಟಲಲ್ಲಿ ಸಿಕ್ಕಿರಲಿಲ್ಲ, ನಾಲಿಗೆಯ ತುದಿಗೇ ಬಂದಿತ್ತು. ನುಂಗಿ ತುಟಿ ಮುಚ್ಚಿಕೊಂಡು ಈರುಳ್ಳಿ ಬಿಡಿಸತೊಡಗಿದಳು.

ಮರುದಿನ ಅತ್ತಿಗೆ ಇಂಗು ತಿಂದ ಮಂಗನ ಹಾಗೆ ವಾಪಸಾದಳು. ಹೋಟೆಲಿನ ಅಡುಗೆಯವರು ಉಂಡೆಯನ್ನು ನೆಲಕ್ಕೆ ಪುಟಿಸಿ ನೋಡಿದರಂತೆ. ನುಂಗಿಗೆ ಒಳಗೊಳಗೇ ನಗು ಬಂತು. ಇನ್ನು ದಾರಿ ತನ್ನದೇ ಎಂದುಕೊಂಡಳು.

ಮಾರನೆಯ ದಿನ ಹೊಸದಾಗಿ ಉಂಡೆ ಮಾಡಿ, ಡಬ್ಬಿ ಹಿಡಿದು, ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಹೋಟೆಲಿನ ಹಿತ್ತಲಿಗೆ ಹೋದಳು. ಯಜಮಾನರು ಗ್ಯಾಸ್ ಸಿಲಿಂಡರ್ ಇಳಿಸುತ್ತಿದ್ದರು.

"ಭಾನುವಾರ ನೀವು ತಿಂದಿದ್ದನ್ನ ಮಾಡಿದ್ದು ನಾನು," ಎಂದಳು. ಒಂದಕ್ಷರವೂ ಬಿಡಲಿಲ್ಲ.

"ಗೊತ್ತಾಯ್ತಮ್ಮ. ನಿಮ್ಮತ್ತಿಗೇನೇ ಇಲ್ಲಿ ಅತ್ಕೊಂಡು ಹೇಳಿದ್ರು. ನಾದೋಕೆ ಹೇಳಿದ್ದೂ ನೀನೇ ಅಂತೆ. ನಾದಬಾರ್ದು ಅಂತ ನಿಂಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ ಎಂದರೆ ಅಡುಗೆಯೇ ಬರದವಳಾಗುತ್ತಾಳೆ.

"ಗೊತ್ತಿತ್ತು," ಎಂದಳು.

ಯಜಮಾನರು ಸಿಲಿಂಡರನ್ನು ಗೋಡೆಗೆ ಒರಗಿಸಿದರು. ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

"ನಿನ್ನ ಕೈ ಒಳ್ಳೇದೇ. ಆದ್ರೆ ಇಲ್ಲಿ ಕುದಿಯೋ ಎಣ್ಣೆ ಹಿಡ್ಕೊಂಡು ಒಬ್ಬರ ಬೆನ್ನಿಗೆ ಒಬ್ಬರು ಓಡಾಡ್ತಾರೆ. ನಿನ್ನನ್ನ ಯಾರ ಬೆನ್ನ ಹಿಂದೆ ನಿಲ್ಲಿಸ್ಲಿ? ಹೋಗ್ಬಾ."

ಮನೆಗೆ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳಲಿಲ್ಲ. ಮಧ್ಯಾಹ್ನ ಗಂಡ ಹೆಂಡತಿ ಅದನ್ನೇ ಬಡಿಸಿಕೊಂಡರು. ಅಣ್ಣ ಮತ್ತೆ ಮತ್ತೆ ಹಾಕಿಸಿಕೊಂಡು, ಬಾಯಿ ಒರೆಸುತ್ತ ಹೆಂಡತಿಯ ಕಡೆ ತಿರುಗಿದ.

"ಇವತ್ತು ಸರಿಯಾಗಿ ಬಂದಿದೆ ಕಣೆ. ನಿನ್ನೆ ಹಿಂಗೆ ಮಾಡಿದ್ರೆ ಆಗ್ತಿತ್ತು."