ನೆಲದಿಂದ ಒಂದು ಗೇಣು

"ಸೀಟಿನ ಬೋಲ್ಟಿಗೆ ಹೊರಗಿನವರ ಸ್ಪ್ಯಾನರ್ ತಾಗಿತೋ, ವಾರಂಟಿ ಹೋಯ್ತು ಅಂತಲೇ ಲೆಕ್ಕ, ಸರ್," ಎಂದಳು ಸರ್ವೀಸ್ ಸೆಂಟರಿನ ಹುಡುಗಿ. ಅವಳು ಕಿಟಕಿಗೆ ಬಗ್ಗಿ ನಿಂತಿದ್ದಳು. ಮೇಸ್ತ್ರಿ ಕಾರಿನೊಳಗೆ ಕೂತಿದ್ದ. ಬಂದು ಅರ್ಧ ಗಂಟೆಯಾಗಿತ್ತು, ಆಗಿನಿಂದಲೂ ಕೂತೇ ಇದ್ದ.

"ಎರಡೇ ಎರಡು ಇಂಚು ಎತ್ತರಿಸಿ ಅಂತಿದ್ದೀನಮ್ಮ. ಸೀಟಿನ ಕೆಳಗೆ ಎರಡು ಕಬ್ಬಿಣದ ಪಟ್ಟಿ ಕೊಟ್ರೆ ಮುಗೀತು."

"ಅಲ್ಲಿ ಏರ್‌ಬ್ಯಾಗ್ ವೈರ್ ಹೋಗಿದೆ, ಸರ್. ಕಂಪನಿ ಒಪ್ಪಲ್ಲ."

"ಮತ್ತೆ ಏನು ಮಾಡಿಸಬಹುದು?"

ಹುಡುಗಿ ಕೈಯಲ್ಲಿದ್ದ ಪಟ್ಟಿ ನೋಡಿ ಉತ್ಸಾಹದಿಂದ ಹೇಳಿದಳು. ಬಣ್ಣದ ಪಟ್ಟೆ ಅಂಟಿಸಬಹುದು. ಬೇರೆ ಚಕ್ರ ಹಾಕಿಸಬಹುದು. "ಕಾರನ್ನ ಇನ್ನೂ ಒಂದಿಂಚು ಕೆಳಗಿಳಿಸೋ ಕಿಟ್ ಇದೆ ಸರ್. ನಾವೇ ಹಾಕಿಕೊಡ್ತೀವಿ, ವಾರಂಟಿಗೆ ಏನೂ ಆಗಲ್ಲ."

"ಇನ್ನೂ ಕೆಳಗಾ!" ಮೇಸ್ತ್ರಿಯ ದನಿ ಕೀರಲಾಯಿತು.

ಹೋದ ತಿಂಗಳು ಬಾಗಿಲಿನ ಕೊಂಡಿಗೆ ಸಿಕ್ಕಿಸುವ ಒಂದು ಕೈಹಿಡಿ ತರಿಸಿಕೊಂಡಿದ್ದ. ಅದನ್ನು ಹಿಡಿದು ಎದ್ದದ್ದು ಮೂರು ಸಲ. ಅವನ ಭಾರಕ್ಕೆ ಕೊಂಡಿ ಸೊಟ್ಟಗಾಗಿ ಬಾಗಿಲು ಎರಡೆರಡು ಸಲ ಬಡಿದರೆ ಮಾತ್ರ ಹಾಕಿಕೊಳ್ಳುತ್ತಿತ್ತು. ಇವತ್ತು ಹುಡುಗಿ ಅದರ ಫೋಟೋ ತೆಗೆದು ಬರೆದುಕೊಂಡಿದ್ದಳು. ಇನ್ನೊಂದು ಸಲ ಹೀಗಾದರೆ ಬಾಗಿಲು ವಾರಂಟಿಯಿಂದ ಹೊರಗೆ ಎಂದೂ ಹೇಳಿದ್ದಳು. ಅವಳ ಮೇಲೆ ರೇಗೋಣವೆಂದರೆ ಬಾಯೇ ಬರಲಿಲ್ಲ. ಅವನೂ ಗಿರಾಕಿಗಳಿಗೆ ಹೇಳಿಕೊಂಡು ಬಂದದ್ದು ಇದನ್ನೇ ಅಲ್ಲವೆ? 'ನಾನು ಹಾಕಿದ ನೆಲಕ್ಕೆ ಹತ್ತು ವರ್ಷ ನಾನು ಗ್ಯಾರಂಟಿ. ಮಧ್ಯೆ ಬೇರೆಯವನು ಉಳಿ ಮುಟ್ಟಿಸಿದನೋ, ಮತ್ತೆ ನನ್ನನ್ನು ಕರೀಬೇಡಿ.' ಆಗ ಎಷ್ಟು ಠೀವಿಯಿಂದ ಹೇಳುತ್ತಿದ್ದ! ಈಗ ತನ್ನ ಮಾತೇ ತನ್ನ ಕುತ್ತಿಗೆಗೆ ಬಂದಿತ್ತು.

"ಒಳಗೆ ಬಂದು ಕೂತ್ಕೊಳ್ಳಿ ಸರ್, ಕಾಫಿ ಕುಡಿದು ಹೋಗಿ."

"ಬೇಡಮ್ಮ, ಇಲ್ಲೇ ಆರಾಮಾಗಿದೆ," ಎಂದ ಮೇಸ್ತ್ರಿ.

ಆರಾಮವಂತೆ ಆರಾಮ! ಮೂವತ್ತೈದು ವರ್ಷ ಟೈಲ್ಸ್ ಹಾಕಿದವನು ಅವನು. ಜನ ನಡೆದಾಡುವ ಜಾಗದಲ್ಲೆಲ್ಲ ಅವನು ಮಂಡಿಯೂರಿ ತೆವಳಿ, ಮಂಡಿ ಸವೆಸಿಕೊಂಡಿದ್ದ. ಒಮ್ಮೆ ಯಾರದೋ ಮನೆಯ ಅಂಗಳಕ್ಕೆ ಕಲ್ಲು ಕೂರಿಸುತ್ತಿದ್ದಾಗ ಪಕ್ಕಕ್ಕೆ ಇಂಥದ್ದೇ ಕೆಂಪು ಕಾರು ಬಂದು ನಿಂತಿತು. ಬೇರೆ ಕಾರುಗಳಾದರೆ ಮಂಡಿಯೂರಿದವನಿಗೆ ಚಕ್ರ, ಧೂಳು ಬಿಟ್ಟರೆ ಏನೂ ಕಾಣದು. ಈ ಕಾರು ಅವನ ಕಣ್ಣಿಗೆ ಸರಿಸಮನಾಗಿ ನಿಂತಿತ್ತು. ಅವತ್ತೇ ಮನಸ್ಸು ಹಾರಿತು. ಆಮೇಲೆ ಅವನು ಕಂತ್ರಾಟು ಹಿಡಿದ, ಆಳು ಇಟ್ಟ, ಮಗಳನ್ನು ದಡ ಮುಟ್ಟಿಸಿದ. ಐವತ್ತೆಂಟಕ್ಕೆ ಶೋರೂಮಿನ ಮೆಟ್ಟಿಲು ಹತ್ತಿದ.

ತಪ್ಪಾದದ್ದು ಅಲ್ಲಿಯೇ. ಶೋರೂಮಿನಲ್ಲಿ ಕಾರನ್ನು ಮೊಣಕಾಲೆತ್ತರದ ಕಟ್ಟೆಯ ಅಂಚಿಗೆ ನಿಲ್ಲಿಸಿದ್ದರು. ಕೂತ, ಕಾಲನ್ನು ಕಟ್ಟೆಯಿಂದ ಕೆಳಗೆ ಇಳಿಬಿಟ್ಟ, ಎದ್ದ. ಹೂವೆತ್ತಿದ ಹಾಗೆ ಎದ್ದ! ಓಡಿಸಿ ನೋಡಿ ಬಂದಾಗ ಇಬ್ಬರು ಸೂಟಿನವರು ಎರಡೂ ಕೈ ಹಿಡಿದು ಇಳಿಸಿಕೊಂಡರು. ಮರ್ಯಾದೆ ಅಂದುಕೊಂಡ. ಜೀವಮಾನವೆಲ್ಲ ನೆಲ ನೋಡಿ ಬದುಕಿದವನು ಅವತ್ತೊಂದು ದಿನ ನೆಲ ನೋಡಲಿಲ್ಲ.

ಕಾರು ಮನೆಗೆ ಬಂದ ದಿನ ಸೀಟು ನೆಲದಿಂದ ಒಂದು ಗೇಣೆತ್ತರದಲ್ಲಷ್ಟೇ ಇದೆ ಎಂದು ಮಂಡಿಗೆ ಗೊತ್ತಾಯಿತು. ಅಷ್ಟರಲ್ಲಿ ಅದನ್ನು ರಸಮಟ್ಟ ಬಾಯಿಬಿಟ್ಟು ಹೇಳಿಯೂ ಆಗಿತ್ತು.

ರಸಮಟ್ಟ ಎಂದರೆ ಮೇಸ್ತ್ರಿಯ ಜೊತೆಗಾರ. ಮೂವತ್ತು ವರ್ಷ ಅವನಿಗೆ ಗಾರೆ ಕಲಸಿ ಕೊಟ್ಟವನು, ಹಾಕಿದ ಪ್ರತಿ ಕಲ್ಲಿನ ಮೇಲೂ ರಸಮಟ್ಟವಿಟ್ಟು, ಮಟ್ಟ ಸರಿಯಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ "ಹ್ಞೂಂ" ಎಂದವನು. ಆ ಹೆಸರೇ ನಿಂತಿತು. ಒಂದು ಕೋಣೆ ಮುಗಿದರೆ ಇಬ್ಬರೂ ಬಾಗಿಲ ಬಳಿ ಎದುರುಬದುರು ಮಂಡಿಯೂರಿ, ಒಬ್ಬರ ಮೊಣಕೈ ಒಬ್ಬರು ಹಿಡಿದು, ಮೂರು ಎಣಿಸಿ ಒಟ್ಟಿಗೆ ಏಳುತ್ತಿದ್ದರು. ಹಸಿ ನೆಲಕ್ಕೆ ಕೈಯೂರುವ ಹಾಗಿಲ್ಲ, ಗೋಡೆ ಹಿಡಿದರೆ ಬಣ್ಣ ಕೊಳೆಯಾಗುತ್ತದೆ. ಹಿಡಿಯಲು ಉಳಿದದ್ದು ಅವನಿಗೆ ಇವನು, ಇವನಿಗೆ ಅವನು.

ಆ ದಿನ ಆಳುಗಳೆಲ್ಲ ಕಾರಿನ ಸುತ್ತ ನೆರೆದಿದ್ದಾಗ ರಸಮಟ್ಟ ಒಂದು ಕಣ್ಣು ಮುಚ್ಚಿ ನೋಡಿ, "ಮೇಸ್ತ್ರಿ, ಇದರಲ್ಲಿ ಕೂರೋಕೆ ಒಬ್ಬ, ಎಬ್ಬಿಸೋಕೆ ಇಬ್ಬರು ಬೇಕಲ್ಲೋ!" ಎಂದುಬಿಟ್ಟ. ಎಲ್ಲರೂ ಗೊಳ್ಳೆಂದರು. ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. "ಹೊಟ್ಟೆಕಿಚ್ಚು ನಿಂಗೆ. ಸಾಯೋವರೆಗೂ ಗಾರೆ ಕಲಸೋನು ನೀನು, ಕಾರಿನ ವಿಷಯ ನಿಂಗ್ಯಾಕೆ? ನಿನ್ನ ಮನೆ ಮುಂದೇನೇ ಇದರಿಂದ ಇಳಿದು ತೋರಿಸ್ತೀನಿ, ನೋಡ್ತಿರು." ರಸಮಟ್ಟ ಚೀಲ ತಗಲಿಸಿಕೊಂಡು ಹೋದ. ನಾಲ್ಕು ತಿಂಗಳಾಯಿತು, ಮತ್ತೆ ಬರಲಿಲ್ಲ. ಆ ಮಾತು ನೆನಪಾದಾಗಲೆಲ್ಲ ಮೇಸ್ತ್ರಿಗೆ ನಾಚಿಕೆಯಾಗುತ್ತಿತ್ತು. ಆದರೆ ನಾಚಿಕೆಯನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಲೋಕದಲ್ಲಿ ಮೇಸ್ತ್ರಿ ಆ ಕಾರಿನಿಂದ ಇಳಿಯಬಹುದಾದ ಜಾಗ ಒಂದೇ, ಅವನ ಮನೆಯ ಪೋರ್ಟಿಕೋ. ಅಲ್ಲಿನ ಕಬ್ಬಿಣದ ಕಂಬಕ್ಕೆ ಸರಿಯಾಗಿ ನಿಲ್ಲಿಸಿ, ಎರಡೂ ಕೈಯಲ್ಲಿ ಅದನ್ನು ತಬ್ಬಿ ಮೇಲೇಳುತ್ತಿದ್ದ. ದಿನಾ ಬೆಳಿಗ್ಗೆ ಹೊರಟು ಊರೆಲ್ಲ ಸುತ್ತಿ, ಎಲ್ಲಿಯೂ ಇಳಿಯದೆ, ಬಾಯಾರಿದರೂ ಕುಡಿಯದೆ ವಾಪಸು ಬರುತ್ತಿದ್ದ. ನೋಡಿದವರು, ಮೇಸ್ತ್ರಿಗೆ ಎಂಥ ಶೋಕಿ ಎನ್ನುತ್ತಿದ್ದರು. ಮಾರೋಣವೆಂದರೆ ಯಾಕೆ ಎಂದು ಕೇಳುತ್ತಾರೆ. ಬಿಸಿತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಸರ್ವೀಸ್ ಸೆಂಟರಿನಿಂದ ಬಂದು ಕಂಬ ಹಿಡಿದು ಏದುಸಿರು ಬಿಡುತ್ತಿದ್ದಾಗ ಹೆಂಡತಿ ಬಾಗಿಲಿಗೆ ಬಂದಳು.

"ರೀ, ಈ ಕಂಬದ ಬಣ್ಣ ಇಲ್ಲಿ ಮಾತ್ರ ಯಾಕೆ ಹೋಗ್ತಿದೆ?"

"ಬಿಸಿಲಿಗೆ ಕಣೇ."

"ಬಿಸಿಲು ಬೆರಳಿನ ಗುರುತು ಬಿಡತ್ತೇನ್ರೀ?"

ಮೇಸ್ತ್ರಿ ಥಟ್ಟನೆ ಕಂಬದಿಂದ ಕೈ ತೆಗೆದ. ಅವಳು ಅದನ್ನು ಬೆಳೆಸಲಿಲ್ಲ. "ನಾಳೆ ಹತ್ತು ಗಂಟೆಗೆ ರಸಮಟ್ಟ ಮನೆ ಖಾಲಿ ಮಾಡ್ತಾನಂತೆ. ಮಗಳ ಊರಿಗೆ, ಇನ್ನು ಅಲ್ಲೇ ಅಂತೆ. ಹೋಗಿ ಮಾತಾಡಿಸ್ಕೊಂಡು ಬನ್ನಿ. ಬಸ್ಸಲ್ಲಿ ಹೋಗಿ."

"ಕಾರಲ್ಲೇ ಹೋಗ್ತೀನಿ."

"ಹಾಗಾದ್ರೆ ನಾನೂ ಬರ್ತೀನಿ."

"ನೀನ್ಯಾಕೆ ಸುಮ್ನೆ," ಎಂದ ಮೇಸ್ತ್ರಿ. ಅವಳು ಅವನ ಮುಖವನ್ನೊಮ್ಮೆ, ಕಂಬವನ್ನೊಮ್ಮೆ ನೋಡಿ ಒಳಗೆ ಹೋದಳು.

ಮರುದಿನ ಅವನ ಲೆಕ್ಕಾಚಾರ ಸರಿಯಾಗಿಯೇ ಇತ್ತು. ರಸಮಟ್ಟನ ಮನೆಯೆದುರು ಒಂದು ದೀಪದ ಕಂಬವಿದೆ. ಅದಕ್ಕೆ ಒತ್ತಿ ನಿಲ್ಲಿಸುವುದು, ಎದ್ದು ನಿಲ್ಲುವುದು, 'ತಪ್ಪಾಯ್ತು ಕಣೋ' ಎನ್ನುವುದು. ನಿಂತುಕೊಂಡು ಹೇಳಬೇಕು, ಅಷ್ಟೇ ಅವನ ಆಸೆ. ಹೋಗಿ ನೋಡಿದರೆ ಕಂಬದ ಪಕ್ಕ ಸಾಮಾನಿನ ವ್ಯಾನು ನಿಂತಿತ್ತು. ಎಂಜಿನ್ ಗುರುಗುಟ್ಟುತ್ತಿತ್ತು, ಮಂಚ, ಬೀರು ಎಲ್ಲ ಆಗಲೇ ಒಳಗಿದ್ದವು. ಮೇಸ್ತ್ರಿ ಎದುರು ಬದಿಗೆ, ಹಿಡಿಯಲು ಒಂದು ಮೊಳೆಯೂ ಇಲ್ಲದ ನುಣುಪು ಗೋಡೆಯ ಪಕ್ಕ ಕಾರು ನಿಲ್ಲಿಸಿದ. ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟ. ಸೀಟಿನ ಅಂಚಿಗೆ ಕೈಯೂರಿ ಮೇಲೆದ್ದ. ಬಲ ಮಂಡಿ 'ಟಕ್' ಎಂದಿತು, ಮತ್ತೆ ಕುಸಿದು ಕೂತ. ಇನ್ನೊಮ್ಮೆ ಪ್ರಯತ್ನಿಸಿದ. ಬೆವರಿತೇ ಹೊರತು ಏಳಲಾಗಲಿಲ್ಲ.

"ದೊಡ್ಡಪ್ಪ! ಒಳಗೆ ಬನ್ನಿ," ಎಂದು ರಸಮಟ್ಟನ ಮಗಳು ಗೇಟಿನಿಂದ ಕೂಗಿದಳು.

"ಇಲ್ಲಮ್ಮ, ಸ್ವಲ್ಪ ಅವಸರ ಇದೆ."

ಆಮೇಲೆ ರಸಮಟ್ಟನೇ ರಸ್ತೆ ದಾಟಿ ಬಂದ. ಕೂತವನಿಗೆ ಅವನ ಬೆಲ್ಟು, ಗಾರೆ ತಿಂದು ಒರಟಾದ ಕೈ ಮಾತ್ರ ಕಾಣುತ್ತಿದ್ದವು.

"ಇಳಿಯಲ್ವಾ?"

"ಕೆಲಸ ಇದೆ ಕಣೋ. ಹೀಗೇ ಬಂದೆ."

"ಹೀಗೇ ಬಂದೆ," ಎಂದು ರಸಮಟ್ಟ ಮೆಲ್ಲಗೆ ಹೇಳಿಕೊಂಡ. "ಸರಿಯಪ್ಪ. ಕಾರಿನವರು ನೀವು."

ಕೈಗಳು ಕಣ್ಣೆದುರಿನಿಂದ ಸರಿದವು. ಚಪ್ಪಲಿಯ ಸದ್ದು ರಸ್ತೆಯ ನಡುವಿನವರೆಗೆ ಹೋಯಿತು. ಇವನು ಹೋದರೆ ಹೋದ, ಇನ್ನು ಸಿಗುವವನಲ್ಲ.

"ಲೇ," ಎಂದ ಮೇಸ್ತ್ರಿ. ದನಿ ಸಾಲದೆ ಮತ್ತೆ ಕೂಗಿದ. "ಲೇ! ಇಳಿಯೋಕೆ ಆಗ್ತಿಲ್ಲ ಕಣೋ."

ಚಪ್ಪಲಿ ನಿಂತಿತು, ವಾಪಸು ಬಂತು. ರಸಮಟ್ಟ ನಗಲಿಲ್ಲ. ಬಗ್ಗಿ ಸೀಟು ನೋಡಿದ, ನೆಲ ನೋಡಿದ. ಹಳೆಯ ಅಭ್ಯಾಸ, ಸರಿಯಾಗಿ ಕಾಣಲೆಂದು ರಸ್ತೆಯ ಮೇಲೆಯೇ ಮಂಡಿಯೂರಿ, ಒಂದು ಕಣ್ಣು ಮುಚ್ಚಿದ.

"ಒಂದು ಗೇಣೂ ಇಲ್ವಲ್ಲೋ ಇದು! ತಗೊಳ್ಳೋವಾಗ ನೆಲ ನೋಡ್ಲಿಲ್ವಾ?"

"ಕಟ್ಟೆ ಮೇಲೆ ನಿಲ್ಲಿಸಿದ್ರು ಕಣೋ."

"ಕಟ್ಟೆ ಮೇಲೆ!" ಈಗ ರಸಮಟ್ಟನಿಗೆ ನಗು ಬಂತು. "ನೀನು! ಮೇಸ್ತ್ರಿ! ಕಟ್ಟೆ ಎತ್ತರ ಕಳೀದೆ ಲೆಕ್ಕ ಹಾಕಿದ್ಯಾ?"

"ಅವತ್ತು ಅಂದಿದ್ದು ತಪ್ಪಾಯ್ತು," ಎಂದ ಮೇಸ್ತ್ರಿ. ನಿಂತು ಹೇಳಬೇಕೆಂದಿದ್ದ ಮಾತು ಕೂತೇ ಹೊರಬಿತ್ತು.

"ಇರು, ಎದ್ದು ಎಳೀತೀನಿ," ಎಂದು ರಸಮಟ್ಟ ಒಂದು ಕಾಲು ಮುಂದಿಟ್ಟು ಏಳಹೋದ. ಆಗಲಿಲ್ಲ. ಇನ್ನೊಂದು ಕಾಲು ಮುಂದಿಟ್ಟ, ಅದೂ ಆಗಲಿಲ್ಲ. ಮುಖ ಕೆಂಪಾಯಿತು. ಬಾಗಿಲಿನ ಅಂಚಿಗೆ ಕೈ ಹಾಕಿದ.

"ಬಾಗಿಲು ಹಿಡೀಬೇಡ್ವೋ! ಆಗಲೇ ಒಂದು ಸಲ ಬರ್ಕೊಂಡಿದ್ದಾರೆ, ವಾರಂಟಿ ಹೋಗತ್ತೆ!"

ರಸಮಟ್ಟ ಕೈ ತೆಗೆದು ರಸ್ತೆಯ ಮೇಲೆ ಹಾಗೆಯೇ ಉಳಿದ. "ತಾನು ಕೆಡೋದಲ್ದೆ ವನಾನೆಲ್ಲ ಕೆಡಿಸ್ತಂತೆ ಕೋತಿ. ನನ್ನನ್ನೂ ಕೂರಿಸಿಬಿಟ್ಯಲ್ಲೋ!"

ವ್ಯಾನಿನವನು ಹಾರ್ನ್ ಹೊಡೆದ. ಗೇಟಿನಿಂದ ಮಗಳು ಓಡಿಬಂದು ಅಪ್ಪನ ತೋಳಿಗೆ ಕೈ ಹಾಕಿದಳು.

"ಬಿಡಮ್ಮ, ನಿನ್ನ ಕೈಲಿ ಆಗಲ್ಲ," ಎಂದ ರಸಮಟ್ಟ. ಮೇಸ್ತ್ರಿಯ ಕಡೆ ಎರಡೂ ಕೈ ಚಾಚಿದ. ಮೇಸ್ತ್ರಿ ಅವನ ಮೊಣಕೈ ಹಿಡಿದ. ಇವನದನ್ನು ಅವನು ಹಿಡಿದ. ಇಬ್ಬರ ಮುಖಗಳೂ ಒಂದೇ ಮಟ್ಟದಲ್ಲಿದ್ದವು.

"ಒಂದು," ಎಂದ ರಸಮಟ್ಟ. "ಎರಡು, ಮೂರು."

ಇಬ್ಬರೂ ಒಂದಿಷ್ಟು ಮೇಲೆದ್ದರು. ಮತ್ತೆ ಅಲ್ಲಲ್ಲೇ ಕುಸಿದರು. ಕೈ ಮಾತ್ರ ಯಾರೂ ಬಿಡಲಿಲ್ಲ.

"ಎರಡಕ್ಕೇ ಎದ್ಯಲ್ಲೋ ನೀನು," ಎಂದ ಮೇಸ್ತ್ರಿ. "ಮೊದಲಿಂದ ಎಣಿಸು."

ವ್ಯಾನಿನವನು ಇನ್ನೊಮ್ಮೆ ಹಾರ್ನ್ ಹೊಡೆಯಲು ಕೈ ಎತ್ತಿದವನು ಅವರ ಕಡೆ ನೋಡಿ ಎಂಜಿನ್ ಆರಿಸಿದ.